ಇಳಕಲ್ಲಿನ ಶಾಬುದ್ದೀನ ಗಿಟಾರು ಕಲಿತದ್ದು

ಶಾಬುದ್ದೀನ ಕ್ಲಾರಿಯೋನೆಟ್ ಹಿಡಿದರೆ ಮೆರವಣಿಗೆ ತಾನಾಗಿಯೇ ನಿಧಾನವಾಗುತ್ತಿತ್ತು. ಹುನಗುಂದ, ಬಾಗಲಕೋಟೆ, ಬಾದಾಮಿ ಕಡೆಯ ಲಗ್ನಗಳಿಗೆ ಇಳಕಲ್ಲಿನ ಅವನ ಬ್ಯಾಂಡ್ ಕಂಪನಿಯೇ ಬೇಕೆಂದು ಹಟ ಹಿಡಿಯುವ ಬೀಗರಿದ್ದರು. ಒಂದೇ ಸ್ವರವನ್ನು ಹಿಡಿದು, ಬಾಗಿಸಿ, ಇನ್ನೇನು ಉಸಿರು ಮುಗಿಯಿತು ಅನ್ನುವಾಗ ಮತ್ತಷ್ಟು ಎಳೆದು ಬಿಡುವುದು ಅವನ ರೂಢಿ. ಹೆಣ್ಣು ಒಪ್ಪಿಸುವ ಹೊತ್ತಿಗೆ ಅವನು ಊದುತ್ತಿದ್ದ ಧಾಟಿಗೆ ಗಂಡಿನ ಕಡೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

೧೯೫೩ರ ಬೇಸಗೆ. ಬೇವೂರಿನ ಒಂದು ಲಗ್ನದ ಮೆರವಣಿಗೆಯಲ್ಲಿ ಅವನಿಗೆ ಕೆಮ್ಮು ಹತ್ತಿತು. ವಾದ್ಯ ಬಾಯಿಂದ ತೆಗೆದಾಗ ಅದರ ತುದಿ ಕೆಂಪಾಗಿತ್ತು. ಪಕ್ಕದಲ್ಲಿ ಎರಡನೆಯ ಕ್ಲಾರಿಯೋನೆಟ್ ಊದುತ್ತಿದ್ದ ತಮ್ಮ ಮಲೀಕಸಾಬ ಅದನ್ನು ನೋಡಿದ. ಅಣ್ಣನ ಕೈಯಿಂದ ವಾದ್ಯ ತೆಗೆದುಕೊಂಡು, ಅವನನ್ನು ಯಾರದೋ ಕಟ್ಟೆಯ ಮೇಲೆ ಕೂರಿಸಿದ.

ಮಿರಜಿನ ಕ್ಷಯದ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತು. ಹೆಂಡತಿ ಗುಲಾಬಬಿ ಮಗ್ಗ ಬಿಟ್ಟು ಅವನ ಜೊತೆಗೇ ಇದ್ದಳು. ಮನೆಗೆ ಕಳಿಸುವ ದಿನ ಡಾಕ್ಟರರು, ಎದೆಯ ಗಾಯ ಮಾಗಿದೆ, ಆದರೆ ಇನ್ನು ಮುಂದೆ ಊದುವ ವಾದ್ಯ ಮುಟ್ಟಬಾರದು ಎಂದರು. ಶಾಬುದ್ದೀನ ಹೂಂ ಎಂದ.

ಬ್ಯಾಂಡನ್ನು ಮಲೀಕಸಾಬ ನಡೆಸತೊಡಗಿದ. ಮನೆ ಗುಲಾಬಬಿಯ ಮಗ್ಗದ ಮೇಲೆ ನಡೆಯಿತು. ಶಾಬುದ್ದೀನ ಅವಳಿಗೆ ನೂಲು ಸುತ್ತಿಕೊಡುತ್ತ ಕೂರುತ್ತಿದ್ದ. ಓಣಿಯಲ್ಲಿ ಬ್ಯಾಂಡಿನ ಸಪ್ಪಳ ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಯಾರೋ ಒಂದು ಹಾರ್ಮೋನಿಯಂ ತಂದುಕೊಟ್ಟರು. ನಾಲ್ಕು ದಿನ ಒತ್ತಿ ಮುಚ್ಚಿಟ್ಟ.

"ಯಾಕ್ರಿ, ಸೇರವಲ್ದೇನು?" ಎಂದಳು ಗುಲಾಬಬಿ.

"ಇದರಾಗ ಸ್ವರ ಕುಂತಲ್ಲೇ ಕುಂದರ್ತಾವ. ಜಾರೂದಿಲ್ಲ."

ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಯತೀರ್ಥ ಮಾಸ್ತರರಿಗೆ ಹಾಡಿನ ಹುಚ್ಚು. ಮನೆಯಲ್ಲಿ ಗ್ರಾಮೋಫೋನ್ ಇತ್ತು. ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಅವರ ತಮ್ಮ ಮಧುಸೂದನ ಸೂಟಿಯಲ್ಲಿ ಊರಿಗೆ ಬಂದಾಗಲೆಲ್ಲ ಹಾಡಿನ ಹಳೆಯ ತಟ್ಟೆಗಳನ್ನು ತರುತ್ತಿದ್ದ. ಮಾಸ್ತರರು ಶಾಬುದ್ದೀನನನ್ನು ಸಂಜೆ ಮನೆಗೆ ಕರೆಯುತ್ತಿದ್ದರು. ಅವನು ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಸುಮ್ಮನೆ ಕೇಳಿ ಬರುತ್ತಿದ್ದ.

ಒಂದು ದೀಪಾವಳಿಗೆ ಬಂದ ಮಧುಸೂದನ ಹೊಸದೊಂದು ತಟ್ಟೆ ಹಚ್ಚಿದ. ಗಂಡಸೊಬ್ಬ ಒಡಕು ದನಿಯಲ್ಲಿ ಏನೋ ಹೇಳುತ್ತಿದ್ದ. ಅವನು ಮಾತು ನಿಲ್ಲಿಸಿದಲ್ಲಿಂದ ಇನ್ನೊಂದು ದನಿ ಎದ್ದು, ಜಾರಿ, ಬಾಗಿ, ಅವನ ಮಾತನ್ನು ಮುಗಿಸುತ್ತಿತ್ತು. ಶಾಬುದ್ದೀನ ಕಂಬ ಬಿಟ್ಟು ಮುಂದೆ ಬಂದ.

"ಇದು ಊದೂ ವಾದ್ಯ ಏನ್ರಿ?"

"ಅಲ್ಲ, ಗಿಟಾರು. ತಂತಿ ವಾದ್ಯ," ಎಂದ ಮಧುಸೂದನ. "ಅಮೇರಿಕಾದಾಗಿನ ಕರಿ ಮಂದಿ ಹಾಡಿದ್ದು. ಇದಕ್ಕ ಬ್ಲೂಸ್ ಅಂತಾರ."

"ತಂತಿಗೆ ಉಸಿರು ಎಲ್ಲಿಂದ ಬಂತ್ರಿ?"

ಮಧುಸೂದನ ನಗಲಿಲ್ಲ. ಸೀಸೆಯ ಕುತ್ತಿಗೆ ಕತ್ತರಿಸಿ ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುತ್ತಾರೆ ಎಂದು ಮುಂಬಯಿಯಲ್ಲಿ ಕೇಳಿದ್ದನ್ನು ಹೇಳಿದ. ಹಾಡಿನ ಮಾತು ಮಾಸ್ತರರಿಗೂ ಪೂರ್ತಿ ತಿಳಿಯಲಿಲ್ಲ. ಯಾರೋ ಊರು ಬಿಟ್ಟು ಹೋದದ್ದಷ್ಟೇ ಗೊತ್ತಾಯಿತು. ಶಾಬುದ್ದೀನ ಇನ್ನೊಮ್ಮೆ ಹಚ್ಚಿರಿ ಅಂದ. ಆಮೇಲೆ ಮತ್ತೊಮ್ಮೆ.

ಆ ತಟ್ಟೆಯ ಸುದ್ದಿ ಕೇಳಿದ್ದ ಮಲೀಕಸಾಬ, ಡ್ರಮ್ಮಿಗೆ ಚರ್ಮ ಹಾಕಿಸಲು ಹುಬ್ಬಳ್ಳಿಗೆ ಹೋದವನು ಅಲ್ಲಿಂದ ಹಳೆಯದೊಂದು ಗಿಟಾರು ತಂದ. ಅದರ ಹೊಟ್ಟೆ ಒಂದು ಕಡೆ ಸೀಳಿತ್ತು. ಅಣ್ಣನ ವಾದ್ಯ ತಾನು ಊದುತ್ತಿದ್ದೇನೆ ಎಂಬ ಸಂಕೋಚ ಅವನಿಗೆ ಇದ್ದೇ ಇತ್ತು. ಗಿಟಾರನ್ನು ಬಾಗಿಲ ಬಳಿ ಇಟ್ಟು, ಚಹಾ ಸಹ ಕುಡಿಯದೆ ಹೋದ.

ಸೀಸೆ ಕತ್ತರಿಸಿದವಳು ಗುಲಾಬಬಿ. ಮಗ್ಗದ ನೂಲನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಔಷಧದ ಸೀಸೆಯ ಕುತ್ತಿಗೆಗೆ ಸುತ್ತಿ, ಕಡ್ಡಿ ಗೀರಿದಳು. ಉರಿ ಸುತ್ತು ಹೊಡೆದ ಕೂಡಲೇ ತಣ್ಣೀರಿಗೆ ಅದ್ದಿದಳು. ಟಕ್ಕನೆ ಬಿಟ್ಟುಕೊಂಡಿತು. ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ ಅವನ ಕಿರುಬೆರಳಿಗೆ ಹಾಕಿದಳು.

ಕಲಿಸುವವರು ಯಾರೂ ಇರಲಿಲ್ಲ. ತಟ್ಟೆಯಲ್ಲಿ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಷಡ್ಜ ಪಂಚಮ ಕೂಡಿದಂತೆ ಕೇಳುತ್ತದೆ ಎಂಬ ಒಂದೇ ಗುರುತು ಹಿಡಿದು ಅವನು ಶ್ರುತಿ ಕೂಡಿಸಿದ. ಗಾಜು ತಂತಿಯ ಕೆಳಗಿನ ಲೋಹದ ಪಟ್ಟಿಗಳಿಗೆ ತಾಗಿ ಗರಗರ ಅನ್ನುತ್ತಿತ್ತು. ಬಿದಿರಿನ ಚೂರು ಕೊಟ್ಟು ತಂತಿಗಳನ್ನು ಎತ್ತರಿಸಿದ. ಆದರೂ ಸ್ವರ ಸಿಗಲಿಲ್ಲ. ಕೂದಲೆಳೆಯಷ್ಟು ಆಚೆ ಹೋದರೂ ಅಪಸ್ವರ, ಈಚೆ ಬಂದರೂ ಅಪಸ್ವರ. ಅದೇ ಕೋಣೆಯಲ್ಲಿ ಗುಲಾಬಬಿ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ಸೀರೆ ನೇಯುತ್ತಿದ್ದಳು.

"ಬೆಕ್ಕು ಬಾವ್ಯಾಗ ಬಿದ್ದಂಗ ಕೇಳಸ್ತದ," ಎಂದಳು ಒಂದು ದಿನ.

"ಮ್ಯಾಲ ಬರತೈತಿ ತಡಿ," ಎಂದ ಅವನು.

ಒಂದು ಮಳೆಗಾಲ ಕಳೆದ ಮೇಲೆ ಅದು ಮೇಲೆ ಬಂತು. ತಟ್ಟೆಯಲ್ಲಿದ್ದುದನ್ನು ಹಾಗೆಯೇ ನುಡಿಸಿದ. ಇನ್ನೂ ಕೆಲವು ತಿಂಗಳಾದ ಮೇಲೆ ಅದರ ಹಾಗೆ ನುಡಿಸುವುದನ್ನು ಬಿಟ್ಟ. ಹೆಣ್ಣು ಒಪ್ಪಿಸುವ ತನ್ನ ಹಳೆಯ ಧಾಟಿಯನ್ನು ಆ ಗಾಜಿನ ಜಾರಿಕೆಯಲ್ಲಿ ಇಳಿಸತೊಡಗಿದ. ತಟ್ಟೆಯ ಆ ದೂರದ ಮನುಷ್ಯ ಹಾಡು ನಿಲ್ಲಿಸಿದಲ್ಲಿಂದ ತಾನು ಎತ್ತಿಕೊಂಡಂತೆ ಅವನಿಗೆ ಅನ್ನಿಸುತ್ತಿತ್ತು.

೧೯೫೭ರಲ್ಲಿ ಮಧುಸೂದನ ಟೇಪ್ ರೆಕಾರ್ಡರ್ ತಂದ. ಗೆಳೆಯನೊಬ್ಬನಿಂದ ಕೇಳಿ ತಂದ ದೊಡ್ಡ ಪೆಟ್ಟಿಗೆ. ಮಾಸ್ತರರ ಮನೆಯಲ್ಲಿ ನುಡಿಸು ಎಂದರೆ ಶಾಬುದ್ದೀನ ಒಲ್ಲೆ ಎಂದ. ತನ್ನ ಕೋಣೆಯಲ್ಲಿ ಬಂದಂತೆ ಬೇರೆಡೆ ಬರುವುದಿಲ್ಲ ಎಂಬುದು ಅವನ ಮಾತು. ಓಣಿಯ ತುಂಬ ಮಗ್ಗಗಳ ಸಪ್ಪಳ. ಅದಕ್ಕೇ ಮಗ್ಗ ಹಚ್ಚದ ಅಮಾವಾಸ್ಯೆಯ ದಿನ ನೋಡಿ, ಪಕ್ಕದ ಹಿಟ್ಟಿನ ಗಿರಣಿಯಿಂದ ವೈರು ಎಳೆದು ಕರೆಂಟು ಕೊಟ್ಟರು. ಗಿರಣಿಯವನೂ ಗಿರಣಿ ನಿಲ್ಲಿಸಿ ಬಂದು ಹೊಸ್ತಿಲಲ್ಲಿ ಕೂತ.

ಶಾಬುದ್ದೀನ ಕಣ್ಣು ಮುಚ್ಚಿ ನುಡಿಸಿದ. ಮುಗಿದ ಮೇಲೆ ಮಧುಸೂದನ ಟೇಪು ಹಿಂದೆ ಸುತ್ತಿ ಕೇಳಿಸಿದ. ತನ್ನ ವಾದ್ಯವನ್ನು ಹೊರಗಿನವನ ಹಾಗೆ ಕೇಳಿದ್ದು ಶಾಬುದ್ದೀನನಿಗೆ ಅದೇ ಮೊದಲು. ಸ್ವಲ್ಪ ಹೊತ್ತಿಗೆ ಅವನ ಮುಖ ಇಳಿಯಿತು. ಪ್ರತಿ ಸಾಲಿನ ಮೊದಲು ಉಸಿರು ಎಳೆದುಕೊಳ್ಳುವ ಸದ್ದು. ಸಾಲು ಮುಗಿಯುವವರೆಗೆ ಅದು ನಿಧಾನವಾಗಿ ಹೊರಗೆ ಹೋಗುವ ಸದ್ದು. ಕ್ಲಾರಿಯೋನೆಟ್ ಬಿಟ್ಟು ನಾಲ್ಕು ವರ್ಷವಾದರೂ ಅವನು ಊದುತ್ತಲೇ ಇದ್ದ.

"ಇದನ್ನ ಅಳಿಸ್ರಿ," ಎಂದ. "ನಾಚಿಕಿ ಬರ್ತದ. ಬಾಯಿ ಮುಚ್ಚಿ ಇನ್ನೊಮ್ಮೆ ಬಾರಸ್ತೇನಿ."

ಮಧುಸೂದನ ಮೈಕು ದೂರ ಸರಿಸಲು ಎದ್ದ. ಗುಲಾಬಬಿ ಒಳಬಾಗಿಲಲ್ಲಿ ನಿಂತಿದ್ದಳು. ಪರಗಂಡಸರ ಮುಂದೆ ಅವಳು ಮಾತಾಡುವುದು ಕಡಿಮೆ.

"ಅಳಿಸಬ್ಯಾಡ್ರಿ," ಎಂದಳು. "ಮಿರಜಿನ್ಯಾಗ ಈ ಉಸಿರು ಇರ್ತದೋ ಹೋಗ್ತದೋ ಅಂತ ಕಿವಿ ಕೊಟ್ಟು ಕುಂತಿದ್ದೆ ನಾ. ಈಗ ಇಷ್ಟು ಚಂದ ಕೇಳಸ್ತದ. ಇರ್ಲಿ."

ಶಾಬುದ್ದೀನ ಬೆರಳಿನ ಗಾಜು ತೆಗೆದು ಅಂಗಿಗೆ ಒರೆಸಿದ. ಟೇಪಿನಲ್ಲಿದ್ದುದನ್ನು ಹಾಗೇ ಬಿಟ್ಟು, ಗಾಜು ಮತ್ತೆ ಹಾಕಿಕೊಂಡು ಇನ್ನೆರಡು ಧಾಟಿ ನುಡಿಸಿದ. ಆಗಲೂ ಬಾಯಿ ಮುಚ್ಚಲಿಲ್ಲ.

ಟೇಪು ಮಧುಸೂದನನ ಜೊತೆ ಮುಂಬಯಿಗೆ ಹೋಯಿತು. ಇಳಕಲ್ಲಿನಲ್ಲಿ ಅದನ್ನು ಕೇಳಿಸುವ ಯಂತ್ರ ಇರಲಿಲ್ಲವಾದ್ದರಿಂದ ಅದರ ಮಾತು ಅಲ್ಲಿಗೇ ನಿಂತಿತು. ಆದರೆ ಶಾಬುದ್ದೀನ ಬದಲಾದ. ತಮ್ಮನನ್ನು ತಾನೇ ಮನೆಗೆ ಕರೆದ. "ವಾದ್ಯ ತಗೊಂಡು ಬಾ," ಎಂದ. ತಾನು ಗಿಟಾರಿನಲ್ಲಿ ಸ್ವರ ಜಾರಿಸುವುದು, ಅದನ್ನು ಮಲೀಕಸಾಬ ಊದಿ ತೋರಿಸುವುದು, ಹೀಗೆ ಬಹಳ ದಿನ ನಡೆಯಿತು. ಬ್ಯಾಂಡಿನ ಉಳಿದವರೂ ಬಂದು ಕೂರತೊಡಗಿದರು. ಗುಲಾಬಬಿ ಚಹಾ ಮಾಡಿ ಮಾಡಿ ಬೇಸತ್ತು, ಕೊನೆಗೆ ಒಲೆಯನ್ನು ಅವರಿಗೇ ಒಪ್ಪಿಸಿದಳು.

ಮರುವರ್ಷ ಹುನಗುಂದದ ಒಂದು ಲಗ್ನಕ್ಕೆ ಶಾಬುದ್ದೀನ ಬ್ಯಾಂಡಿನವರ ಜೊತೆ ಬಸ್ಸು ಹತ್ತಿದ. ಕಾಯಿಲೆಯಾದ ಮೇಲೆ ಅವನು ಲಗ್ನಕ್ಕೆ ಹೋದದ್ದು ಅದೇ ಮೊದಲು. ಹಂದರದ ಅಂಚಿನಲ್ಲಿ ಮಂದಿಯ ನಡುವೆ ನಿಂತು, ಹೆಣ್ಣು ಒಪ್ಪಿಸುವಾಗ ತಮ್ಮ ಊದಿದ್ದನ್ನು ಕೊನೆಯವರೆಗೆ ಕೇಳಿದ.

ಊಟದ ಪಂಕ್ತಿಯಲ್ಲಿ ಮಲೀಕಸಾಬ ಅವನ ಪಕ್ಕಕ್ಕೆ ಬಂದು ಕೂತ. ತುತ್ತು ಎತ್ತುವ ಮೊದಲು, "ಹೆಂಗಾತು?" ಎಂದು ಕೇಳಿದ.

"ಎರಡನೇ ಸಾಲಿನ್ಯಾಗ ಅವಸರ ಮಾಡಿದಿ," ಎಂದ ಶಾಬುದ್ದೀನ. ಅನ್ನ ಕಲಸುತ್ತ, "ಮಂದಿ ಅತ್ರು, ನೋಡಿದ್ಯಾ?" ಎಂದ.