ತಂಗಿಯ ಕಾಲೇಜೂ ನನ್ನ ಮಿಮಿಕ್ರಿಯೂ

ಯಾರ ಎದುರಿಗಾದರೂ ಸ್ವಲ್ಪ ಹೊತ್ತು ಕೂತರೆ ಸಾಕು, ಅವರು ನನ್ನ ಗಂಟಲಿಗೆ ಬಂದು ಬಿಡಾರ ಹೂಡುತ್ತಾರೆ. ನಮ್ಮ ಕಡೆಯ ಮಧುರೆ ಬಸ್ಸಿನ ಕಂಡಕ್ಟರ್, ಡೇರಿಯಲ್ಲಿ ಹಾಲು ಅಳೆಯುವವರು, ಮೊಬೈಲಿನಲ್ಲೇ ಸೈಟು ತೋರಿಸುವ ದೇವನಹಳ್ಳಿ ಬ್ರೋಕರ್, ಎಲ್ಲರೂ ಅಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ನನ್ನನ್ನೂ ಬಿಟ್ಟವನಲ್ಲ, ಕೆಲಸ ಸಿಗದೆ ಇಂಟರ್‌ವ್ಯೂಗಳಲ್ಲಿ ಬೆವರುವ ಬಿ.ಕಾಂ. ಪದವೀಧರನನ್ನು ಮಾಡಿ ತೋರಿಸಿದರೆ ಟೀ ಅಂಗಡಿಯೇ ಚಪ್ಪಾಳೆ ಹೊಡೆಯುತ್ತದೆ. ಹೋದ ವಾರದ ತನಕ ಈ ವಿದ್ಯೆಯ ಬಗ್ಗೆ ಹೆಮ್ಮೆಯಿತ್ತು. ಈಗ ಯಾರಾದರೂ "ಒಂದು ಐಟಂ ಮಾಡು ಗುರು" ಅಂದರೆ ಕಿವಿ ಬಿಸಿಯಾಗುತ್ತದೆ.

ತಂಗಿ ಸುಮಾಳಿಗೆ ಕೃಷಿ ವ್ಯಾಪಾರದ ಪದವಿ ಓದುವ ಆಸೆ. ಬೆಳೆಯುವುದು ಅಪ್ಪನಿಗೆ ಗೊತ್ತು, ಮಾರುವುದನ್ನು ತಾನು ಕಲಿಯಬೇಕು ಎಂದು ಅವಳ ಹಟ. ಕಣ್ಣಲ್ಲಿದ್ದದ್ದು ಎರಡು ಕಾಲೇಜು: ಏರ್‌ಪೋರ್ಟ್ ರಸ್ತೆಯ ಗಾಜಿನ ಖಾಸಗಿ ಕಾಲೇಜು, ಅದರ ಫೀಸಿನ ಒಂದು ಚೂರಿನಲ್ಲೇ ಓದು ಮುಗಿಯುವ ಸರ್ಕಾರಿ ಕಾಲೇಜು. ಆಯ್ಕೆ ತಿಳಿಸಲು ಉಳಿದದ್ದು ಎರಡೇ ದಿನ. ಮೊದಲ ದಿನ ಅಪ್ಪನಿಗೆ ದನದ ಸಂತೆ. ಹಾಗಾಗಿ ತಂಗಿಯ ಜೊತೆ ಹೋಗಿ ಎರಡನ್ನೂ ಹೋಲಿಸಿ ನೋಡುವ ಹೊಣೆ ಮನೆಯ ಏಕೈಕ ಪದವೀಧರನ ಮೇಲೆ ಬಿತ್ತು.

ಎರಡೂ ಕಡೆ ಹೋಗಿ ಬಂದು, ಸಂಜೆ ಮನೆಯಲ್ಲಿ ಅಪ್ಪನೆದುರು ನನ್ನ ಹೋಲಿಕೆ ಶುರುವಾಯಿತು, ಮಿಮಿಕ್ರಿಯಲ್ಲೇ. ಮೊದಲು ಖಾಸಗಿಯ ಟೈ ಕಟ್ಟಿದವರು, ಹುಬ್ಬು ಹಾರಿಸುತ್ತಾ: "ಸರ್, ಫೀಸ್ ಅಂತ ನೋಡ್ಬೇಡಿ, ಇನ್ವೆಸ್ಟ್‌ಮೆಂಟ್ ಅಂತ ನೋಡಿ!" ಆಮೇಲೆ ಸರ್ಕಾರಿ ಗುಮಾಸ್ತರು, ಆಕಳಿಕೆಯ ಒಳಗಿಂದ: "ಹಾಸ್ಟ್ಲಾ... ಐತೆ... ನೀರು ಬರ್ತದಾ... ಅದು ಬ್ಯಾರೆ ಸೆಕ್ಷನ್ನು."

ನಮ್ಮ ಅಲಂಕಾರಶಾಸ್ತ್ರದವರು ನಗೆಯಲ್ಲಿ ಆರು ಬಗೆ ಹೇಳಿದ್ದಾರೆ. ಹಲ್ಲು ಕಾಣದ ಮುಗುಳ್ನಗೆ ಮೊದಲನೆಯದು, ಪಕ್ಕೆ ಹಿಡಿದುಕೊಂಡು ಕಣ್ಣೀರು ಸುರಿಸುವುದು ಕೊನೆಯದು. ಅಪ್ಪ ನಡುವಿನ ನಾಲ್ಕನ್ನೂ ಹಾರಿಸಿ ನೇರವಾಗಿ ಆರಕ್ಕೆ ಹೋದ. ಕಣ್ಣೊರೆಸಿಕೊಂಡು ತೀರ್ಪನ್ನೂ ಕೊಟ್ಟ.

"ಎರಡೂ ಬ್ಯಾಡ ಬಿಡ್ಲಾ. ಒಂದು ಸುಲಿಯೋದು, ಇನ್ನೊಂದು ಮಲಗಿರೋದು. ಇವಳೂ ದೊಡ್ಡಬಳ್ಳಾಪುರದಲ್ಲಿ ಬಿ.ಕಾಂ. ಮಾಡ್ಲಿ, ನಿನ್ನಂಗೆ."

ಆ "ನಿನ್ನಂಗೆ"ಗೆ ನನ್ನ ನಗೆ ನಿಂತಿತು. ಸುಮಾ ಮೊದಲಿನಿಂದಲೂ ನಕ್ಕಿರಲಿಲ್ಲ.

"ಎಲ್ಲಾರ್ನೂ ಮಾಡ್ದೆ ಅಲ್ವಾಣ್ಣ? ಅಲ್ಲಿ ನಾನೇನು ಕೇಳ್ದೆ ಅಂತ ಒಂದ್ಸಲ ಮಾಡಿ ತೋರ್ಸು."

ಬಾಯಿ ತೆರೆದೆ. ಗಂಟಲೊಳಗೆ ಅವಳಿರಲಿಲ್ಲ. ಅವಳು ಎರಡೂ ಕಡೆ ಬಹಳ ಹೊತ್ತು ಏನೇನೋ ಕೇಳಿದ್ದಳು. ನಾನು ಆಗ ಹುಬ್ಬನ್ನೂ ಆಕಳಿಕೆಯನ್ನೂ ಕಲಿಯುತ್ತಿದ್ದೆ. ಜೊತೆಯಲ್ಲೇ ಬೆಳೆದವಳ ದನಿ ನನಗೆ ಬರುತ್ತಿರಲಿಲ್ಲ, ಅದರಲ್ಲಿ ನಗುವಂಥದ್ದೇನೂ ಸಿಗದು ಎಂಬ ಒಂದೇ ಕಾರಣಕ್ಕೆ. ನಾನು ಹೋಲಿಸಿ ತಂದದ್ದು ಫೀಸನ್ನಲ್ಲ, ಓದಿನ ಬೆಲೆಯನ್ನೂ ಅಲ್ಲ. ಯಾವ ಕಾಲೇಜು ಹೆಚ್ಚು ನಗಿಸುತ್ತದೆ ಎಂಬುದನ್ನು. ಆ ನಗೆಯಲ್ಲಿ ಅವಳ ಸೀಟು ಕೊಚ್ಚಿಹೋಗುತ್ತಿತ್ತು.

"ನಾನು ಕೇಳಿಸ್ಕೊಳ್ಳಲೇ ಇಲ್ಲಪ್ಪಾ. ಅವಳನ್ನೇ ಕೇಳು" ಎಂದೆ.

"ಇದು ಯಾರ ದನಿಲಾ?" ಎಂದು ಅಪ್ಪ ಮತ್ತೆ ನಗಲು ಸಿದ್ಧನಾದ.

"ನಂದೇ ಕಣಪ್ಪಾ."

ಸುಮಾ ಹೇಳಿದಳು. ಗಾಜಿನ ಕಾಲೇಜಿನಲ್ಲಿ ಓದಿದವರು ಹೆಚ್ಚಾಗಿ ಬೀಜ, ಗೊಬ್ಬರದ ಕಂಪನಿಗಳ ಮಾರಾಟಕ್ಕೆ ಹೋಗುತ್ತಾರಂತೆ. ಸರ್ಕಾರಿಯಲ್ಲಿ ಕೊನೆಯ ವರ್ಷ ಹುಡುಗರೇ ತರಕಾರಿ ಕೊಂಡು, ವಿಂಗಡಿಸಿ, ಮಾರಿ, ಲಾಭನಷ್ಟ ನೋಡಬೇಕಂತೆ.

"ನಂಗೆ ಅದು ಸಾಕು. ಫೀಸಲ್ಲಿ ಉಳಿಯೋದ್ರಲ್ಲಿ ಮುಂದೆ ನಾನಿಡೋ ತರಕಾರಿ ಅಂಗಡಿಗೆ ಎಷ್ಟು ಕೊಡ್ತೀಯಾ, ಅದನ್ನ ಹೇಳಪ್ಪಾ."

ಅಪ್ಪನ ನಗೆ ಇಳಿಯಿತು. ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹೊದಿಸಿ, ಅವಳ ಮುಂದೆ ಚಾಚಿದ. ಸಂತೆಯಲ್ಲಿ ಹಸುವಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗದಂತೆ. ಸುಮಾ ಕೈ ತೂರಿಸಿದಳು. ಟವೆಲ್ ಅಲುಗಿತು. ಅಪ್ಪ ತಲೆಯಾಡಿಸಿದ, ಅವಳು ಬಿಡಲಿಲ್ಲ. ಮತ್ತೆ ಅಲುಗಿತು.

"ಗಟ್ಟಿಗಿತ್ತಿ ಕಣಮ್ಮಾ ನೀನು" ಎಂದು ಅಪ್ಪ ಕೈ ಬಿಡಿಸಿಕೊಂಡ.

ಮರುದಿನ ಅವಳು ಸರ್ಕಾರಿ ಕಾಲೇಜನ್ನೇ ಆರಿಸಿದಳು. ಎಷ್ಟಕ್ಕೆ ಕುದುರಿತೆಂದು ಇಬ್ಬರೂ ಬಾಯಿ ಬಿಟ್ಟಿಲ್ಲ. ಆ ವ್ಯಾಪಾರವನ್ನು ಮಾಡಿ ತೋರಿಸು ಎಂದು ಅಮ್ಮ ಕೇಳಿದಾಗ, ಆಸೆ ತಡೆಯದೆ ಕೈಗಳ ಮೇಲೆ ಟವೆಲ್ ಹೊದಿಸಿ ನನ್ನ ಬೆರಳನ್ನು ನಾನೇ ಹಿಡಿದು ನೋಡಿದೆ. ಎರಡು ಕೈಯೂ ನನ್ನವೇ ಆದರೆ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.