ಹೇಳಿದ ಪಾಕೆಟ್

ಅವರು ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆಯವರು, ರಾಯಚೂರು ಕಡೆಯವರು. ಲಕ್ವ ಹೊಡೆದು ಬಲಗೈ ಸೋತ ಮೇಲೆ ಕಾಚಿಗೂಡದ ಕ್ಲಬ್ಬಿಗೆ, ಟೇಬಲ್ಲಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಡಲು ಹೋಗುವುದನ್ನು ಬಿಟ್ಟಿದ್ದರು. ಎಡಗೈಯನ್ನು ಪಳಗಿಸಿಕೊಂಡು ಮತ್ತೆ ಅಲ್ಲಿ ಆಡಬೇಕೆಂದು ಮನೆಗೆ ಅಗ್ಗದ, ಸಣ್ಣದೊಂದು ಪೂಲ್ ಟೇಬಲ್ ಕೊಂಡರು.

"ನಾ ಊಟದ ಟೇಬಲ್ ಕೇಳಿದ್ದೆ, ಇದನ್ನ ತಂದಾರ ನೋಡ್ರಿ," ಎಂದು ಅವರ ಹೆಂಡತಿ ನಕ್ಕರು.

ಸಂಜೆ ನಾನು ಹೋದಾಗಲೆಲ್ಲ ಅವರು ಅದರ ಮೇಲೆ ಬಾಗಿರುತ್ತಿದ್ದರು. ಚೆಂಡು ಟೇಬಲ್ಲಿನ ಅಂಚಿನ ತೂತುಗಳಲ್ಲಿ ಯಾವ ಪಾಕೆಟ್ಟಿಗೆ ಎಂದು ಗದ್ದದಿಂದ ತೋರಿಸಿ, ಬಾಯಿಬಿಟ್ಟು ಹೇಳಿ, ಆಮೇಲೆ ಹೊಡೆಯುವುದು ಅವರ ಪದ್ಧತಿ. ಬೇರೆ ಪಾಕೆಟ್ಟಿಗೆ ಬಿದ್ದರೆ ತೆಗೆದು ಮತ್ತೆ ಮೊದಲಿನ ಜಾಗದಲ್ಲೇ ಇಡುತ್ತಿದ್ದರು.

"ಹೇಳಿ ಹೊಡೀಬೇಕ್ರಿ. ಇಲ್ಲಂದ್ರ ಅದು ಆಟ ಅಲ್ಲ."

ಒಂದು ಭಾನುವಾರ, ಕ್ಲಬ್ಬಿನಲ್ಲಿ ಸದಾ ಅವರ ಎದುರಾಳಿಯಾಗಿದ್ದ ಹಳೆಯ ಗೆಳೆಯರು ಬಂದರು. "ಏನಲೇ, ಮೊಮ್ಮಗನ ಆಟದ ಸಾಮಾನ ಕಸಗೊಂಡಿ ಏನು?" ಎಂದು ಛೇಡಿಸಿದರು.

ಇವರು "ಮೂಲಿ ಪಾಕೆಟ್" ಎಂದು ಹೇಳಿ ಹೊಡೆದರು. ಚೆಂಡು ನಡುವಿನದಕ್ಕೆ ಬಿತ್ತು. ತೆಗೆಯಲು ಕೈ ಚಾಚಿದಾಗ ಗೆಳೆಯರು ತಡೆದರು.

"ಇರಲಿ ಬಿಡೋ. ನಡುವಿನ ಪಾಕೆಟ್ ಅಂತನ ಅಂದಿದ್ದಿ, ನಾ ಕೇಳೀನಿ."

ಇವರು ಆ ಮುಖವನ್ನೇ ಬಹಳ ಹೊತ್ತು ನೋಡಿದರು. ಕೋಲನ್ನು ಗೋಡೆಗೆ ಆನಿಸಿ ಕುಳಿತರು. ಹೆಂಡತಿಗೆ ಚಹಾ ಮಾಡಲು ಹೇಳಿದರು.

ಗೆಳೆಯರು ಹೋದ ಮೇಲೆ ಮೆಲ್ಲಗೆ ನನಗೆಂದರು: "ಇಷ್ಟ್ ವರ್ಷದಾಗ ಅಂವ ನನಗ ಒಂದ್ ಚೆಂಡೂ ಬಿಟ್ಟುಕೊಟ್ಟಿದ್ದಿಲ್ರಿ."