ಬೈರಮ್ಮ ಬಿಟ್ಟುಬಿಟ್ಟ ಹಲ್ಲಿ

ಬೆಳಗ್ಗೆ ಆರೂಕಾಲು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಾಚೆಯ ಬಂಡೆಯೊಂದರ ಮೇಲೆ ಬೈರಮ್ಮ ಬೋರಲು ಮಲಗಿದ್ದಾರೆ. ಕೈಯಲ್ಲಿ ತೆಂಗಿನ ಗರಿಯ ಕಡ್ಡಿ, ತುದಿಗೆ ದಾರದ ಕುಣಿಕೆ. ಬಿರುಕಿನಲ್ಲಿ ಹೆಬ್ಬೆರಳುದ್ದದ ಹಲ್ಲಿ. ಕುಣಿಕೆ ಇಳಿಯುತ್ತದೆ, ನಿಲ್ಲುತ್ತದೆ, ವಾಪಸ್ ಬರುತ್ತದೆ.

"ಬಸುರಿ ಕಣವ್ವ. ಹೊಟ್ಟೇಲಿ ಎರಡು ಮೊಟ್ಟೆ ಕಾಣ್ತಾವೆ."

"ಸರಿ ಬೈರಮ್ಮ, ಮುಂದಿನ ಬಂಡೆ ನೋಡೋಣ" ಎಂದು ಮಾನಸ ಎದ್ದು ನಿಲ್ಲುತ್ತಾರೆ. ಯಾವ ಹಲ್ಲಿ ಯಾವ ಬಗೆಯದು ಎಂದು ವಿಂಗಡಿಸಿ, ಹೊಸದಕ್ಕೆ ಹೆಸರಿಡುವ ಸಂಶೋಧಕಿ ಅವರು. ಹಲ್ಲಿ ಹಿಡಿಯಲು ಸಿಕ್ಕಿರುವ ಅನುಮತಿ ಈ ಶನಿವಾರಕ್ಕೆ ಮುಗಿಯುತ್ತದೆ. ಇವತ್ತು ಗುರುವಾರ.

ಐವತ್ನಾಲ್ಕರ ಬೈರಮ್ಮ ಕುರಿ ಸಾಕುವ ಮನೆಯವರು. ಎಂಟು ವರ್ಷದ ಹಿಂದೆ ದಾರಿ ಕೇಳಲು ಬಂದ ಮಾನಸರ ಪಟ್ಟಿಯಲ್ಲಿ ಈ ಬಂಡೆಗಳ ಸಣ್ಣ ಹಲ್ಲಿಗಳಿಗೆಲ್ಲ ಒಂದೇ ಹೆಸರಿತ್ತು.

"ನಾನು ಒಪ್ಪನಿಲ್ಲ. ಬಿಸ್ಲಲ್ಲಿ ಓಡಾಡೋದು ಬ್ಯಾರೆ, ನೆಳ್ಳು ಬುಟ್ಟು ಬರ್ದೇ ಇರೋದು ಬ್ಯಾರೆ. ನಲವತ್ತು ಕುರೀನೂ ಮುಖ ನೋಡೇ ಹೇಳ್ತೀನಿ, ಇದು ಗೊತ್ತಾಗಲ್ವಾ?"

ಬಾಯಿಮಾತಿಗೆ ಹೆಸರು ಸಿಗುವುದಿಲ್ಲ. ಹೊಸ ಬಗೆ ಎನ್ನಬೇಕಾದರೆ ಆ ಬಗೆಯ ಒಂದು ಹಲ್ಲಿ ಸತ್ತ ಮಾದರಿಯಾಗಿ ಸಂಗ್ರಹಾಲಯದ ಬಾಟಲಿಯಲ್ಲಿರಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡುತ್ತಾರೆ. ಗಂಡಾದರೆ ಒಳ್ಳೆಯದು. ಗಂಡಿನ ತೊಡೆಯಡಿ ಸಾಲಾಗಿ ಸಣ್ಣ ರಂಧ್ರಗಳಿರುತ್ತವೆ, ಅವುಗಳ ಎಣಿಕೆ ಬಗೆಯಿಂದ ಬಗೆಗೆ ಬದಲಾಗುತ್ತದೆ.

ಎರಡು ವರ್ಷದ ಹಿಂದೆ ಎರಡು ತಿಂಗಳು ಅಲೆದ ಮೇಲೆ ನೆರಳಿನ ಬಗೆಯ ಒಂದು ಹೆಣ್ಣು ಹಲ್ಲಿ ಸಿಕ್ಕಿತ್ತು, ಹೊಟ್ಟೆಯಲ್ಲಿ ಮೊಟ್ಟೆ. ಮಾನಸ ಬಾಟಲಿ ತರಲು ಜೀಪಿಗೆ ಹೋದಾಗ ಬೈರಮ್ಮ ಅದನ್ನು ಬಿಟ್ಟುಬಿಟ್ಟರು. "ನಮ್ಮನೇಲಿ ಗಬ್ಬದ ಕುರಿ ಕಡಿಯೋಕೆ ಕೊಡಲ್ಲ. ಕೈ ತಾನಾಗೇ ಬುಟ್ಬುಡ್ತು. ಮಾನಸವ್ವ ಎರಡು ದಿನ ಮಾತಾಡ್ಲಿಲ್ಲ." ಹೆಸರಿಡುವ ಕೆಲಸ ಅಲ್ಲಿಗೇ ನಿಂತಿತು.

ಆಮೇಲೆ ಬೈರಮ್ಮನದು ದಿನಕ್ಕೆ ನಾಲ್ಕು ಗಂಟೆಯ ಹುಡುಕಾಟ, ಅರವತ್ತು ಬಿರುಕು. ಹತ್ತರ ನಂತರ ಕುರಿ. "ಕುರಿ ನಂಗ್ಬುಟ್ಟು ಹಲ್ಲಿ ಮೇಯ್ಸೋಕ್ ಹೋಯ್ತಾಳೆ" ಎಂದು ಗಂಡ ದಾಸಪ್ಪ ಗೊಣಗುತ್ತಾರೆ. ಮಂಡಿ ನೋವಿದೆ, ಬಂಡೆ ಇಳಿಯುವಾಗ ಕೂತೇ ಜಾರುತ್ತಾರೆ.

ಒಂಬತ್ತನೇ ಬಂಡೆ. ಕುಣಿಕೆ ಬಿಗಿಯುತ್ತದೆ. ಮಾನಸ ಹಲ್ಲಿಯನ್ನು ಮಗುಚಿ ಲೆನ್ಸ್ ಹಿಡಿದು ಎಣಿಸುತ್ತಾರೆ. ಬಿಸಿಲಿನ ಹಲ್ಲಿಗೆ ಒಂದೊಂದು ತೊಡೆಗೆ ನಾಲ್ಕು ರಂಧ್ರ. ಇದಕ್ಕೆ ಏಳು. ಇನ್ನೊಮ್ಮೆ ಎಣಿಸುತ್ತಾರೆ, ಏಳೇ.

ಬೈರಮ್ಮ ಬಂಡೆಯನ್ನು ನೋಡುತ್ತಾರೆ. "ಅವತ್ತು ಬುಟ್ಟಿದ್ದು ಇಲ್ಲೇ ಕಣವ್ವ. ಅದ್ರ ಮಗಾನೇನೋ." ತಾವೇ ಬಾಟಲಿಯ ಮುಚ್ಚಳ ತೆಗೆದುಕೊಡುತ್ತಾರೆ.

ಇನ್ನು ವರದಿ ಬರೆಯಬೇಕು, ಬೇರೆ ತಜ್ಞರು ಓದಿ ಒಪ್ಪಬೇಕು. ಹೆಸರು ಬೈರಮ್ಮನದೇ ಇಡಬೇಕೆಂದು ಮಾನಸರ ಆಸೆ. "ಬ್ಯಾಡ ಬುಡಿ. ಊರಲ್ಲಿ ಆಗ್ಲೇ ಹಲ್ಲಿ ಬೈರಮ್ಮ ಅಂತಾವ್ರೆ" ಎಂದು ಬೈರಮ್ಮ ನಗುತ್ತಾರೆ.

ಬೇಕಾಗಿದ್ದದ್ದು ಅವರಿಗೆ ಆಗಲೇ ಸಿಕ್ಕಿದೆ. ಮಾನಸರ ತಂಡದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಒಂದು ಸಾಲಿದೆ, ಮೊಟ್ಟೆ ಹೊತ್ತದ್ದನ್ನು ಹಿಡಿಯುವಂತಿಲ್ಲ. ಓದಲು ಬಾರದ ಬೈರಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

"ಇದು ನಂದು."